ರ‍್ಯಾಂಕ್ ಪಟ್ಟಿ ಪಕ್ಕಕ್ಕಿಡಿ, ಮೊದಲು ಮನೆಯ ಲೆಕ್ಕ ತೆಗೆಯಿರಿ: ನೆರವು ಬೇಕಾದವರು ಅಮೆರಿಕದ ಕಾಲೇಜು ಆರಿಸುವ ಬಗೆ

ಪಿಯುಸಿ ಓದುವ ಮಕ್ಕಳು ಅಮೆರಿಕದ ಬಗ್ಗೆ ಮೊದಲು ಕೇಳುವುದು, "ಯಾವ ಕಾಲೇಜು ಚೆನ್ನಾಗಿದೆ?" ಅಂತ. ಅಪ್ಪ ಅಮ್ಮ ಕೇಳುವುದು, "ಸ್ಕಾಲರ್‌ಶಿಪ್ ಸಿಗುತ್ತಾ?" ಅಂತ. ಎರಡಕ್ಕೂ ಒಳ್ಳೆಯ ಉತ್ತರ ಸಿಕ್ಕಿಯೂ ಮಗು ಊರಲ್ಲೇ ಉಳಿಯಬಹುದು. ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿರುತ್ತದೆ. ಸ್ಕಾಲರ್‌ಶಿಪ್ ಪತ್ರವೂ ಬಂದಿರುತ್ತದೆ. ಆದರೂ ವರ್ಷಕ್ಕೆ ನಲವತ್ತು ಲಕ್ಷ ರೂಪಾಯಿ ಕಡಿಮೆ ಬಿದ್ದಿರುತ್ತದೆ. ಇಷ್ಟು ದಿನದ ಓಡಾಟ, ಕಟ್ಟಿದ ಫೀಸು, ಮಗುವಿನ ಆಸೆ ಎಲ್ಲ ಅಲ್ಲಿಗೇ ನಿಂತುಬಿಡುತ್ತದೆ.

ನೆರವು ಬೇಕಾದ ಮನೆಯವರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಭಾರತದ ಪಾಸ್‌ಪೋರ್ಟ್ ಇರುವ, ನಮ್ಮಷ್ಟೇ ಆದಾಯದ ಮನೆಯ ಮಗುವಿಗೆ ಖರ್ಚು ಮಾಡಲು ಯಾವ ಕಾಲೇಜಿನ ಹತ್ತಿರ ದುಡ್ಡಿದೆ? ಆ ದುಡ್ಡನ್ನು ಅದು ಯಾರಿಗೆ, ಹೇಗೆ ಹಂಚುತ್ತದೆ? ಇಲ್ಲಿಂದ ಶುರು ಮಾಡಿದರೆ ಪಟ್ಟಿಯೇ ಬದಲಾಗುತ್ತದೆ. ಕೇಳಿ ಗೊತ್ತಿರುವ ಎಷ್ಟೋ ಹೆಸರು ಬಿಟ್ಟುಹೋಗುತ್ತವೆ. ಹೆಸರೇ ಕೇಳಿರದ ಎಷ್ಟೋ ಕಾಲೇಜುಗಳು ಒಳಗೆ ಬರುತ್ತವೆ.

ನಮ್ಮ ಸುತ್ತಮುತ್ತ ಅಮೆರಿಕಕ್ಕೆ ಹೋಗಿಬಂದವರಿಗೆ ಬರವಿಲ್ಲ. ಆದರೆ ಅವರಲ್ಲಿ ಬಹುತೇಕರು ಇಲ್ಲಿ ಬಿಇ ಮುಗಿಸಿ ಅಲ್ಲಿಗೆ ಎಂಎಸ್ ಮಾಡಲು ಹೋದವರು. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತದ ವಿದ್ಯಾರ್ಥಿಗಳು 3,31,602. ಅಲ್ಲಿಗೆ ವಿದ್ಯಾರ್ಥಿಗಳನ್ನು ಕಳಿಸುವ ದೇಶಗಳಲ್ಲಿ ಆ ವರ್ಷ ಭಾರತವೇ ಮೊದಲು. ಈ ದೊಡ್ಡ ಗುಂಪಿನಲ್ಲಿ ಡಿಗ್ರಿ ಓದಲು ಹೋದವರು 36,053 ಮಾತ್ರ. ಹತ್ತರಲ್ಲಿ ಒಬ್ಬರು. ಹಾಗಾಗಿ ಪಕ್ಕದ ಮನೆಯ ಅಣ್ಣ ಪ್ರೀತಿಯಿಂದ ಕೊಡುವ ಸಲಹೆ ಎಂಎಸ್ ಲೆಕ್ಕದ್ದು. "ಲೋನ್ ತಗೋ, ಎರಡು ವರ್ಷದಲ್ಲಿ ಮುಗಿಯುತ್ತೆ, ಕೆಲಸ ಸಿಕ್ಕಿದ ಮೇಲೆ ತೀರಿಸು" ಎನ್ನುವುದು ನಾಲ್ಕು ವರ್ಷದ ಡಿಗ್ರಿಗೆ ಹೊಂದುವುದಿಲ್ಲ.

ಯಾಕೆ ಹೊಂದುವುದಿಲ್ಲ ಎಂದು ನೋಡಿ. ದೊಡ್ಡ ಹೆಸರಿನ ಖಾಸಗಿ ಕಾಲೇಜುಗಳಲ್ಲಿ ಫೀಸು, ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಸೇರಿ ವರ್ಷದ ಖರ್ಚು ಈಗ 90,000 ಡಾಲರ್ ದಾಟಿದೆ. ಡಾಲರ್‌ಗೆ 88 ರೂಪಾಯಿ ಎಂದು ಹಿಡಿದರೆ ಸುಮಾರು 79 ಲಕ್ಷ. ನಾಲ್ಕು ವರ್ಷಕ್ಕೆ ಮೂರು ಕೋಟಿಗೂ ಜಾಸ್ತಿ. ಮನೆ, ಸೈಟು ಅಡವಿಟ್ಟರೂ ಅಷ್ಟು ಸಾಲ ಹುಟ್ಟುವುದು ಕಷ್ಟ. ಹುಟ್ಟಿದರೂ ಇಪ್ಪತ್ತೆರಡು ವರ್ಷದ ಮಗುವಿನ ತಲೆಯ ಮೇಲೆ ಅದನ್ನು ಹೊರಿಸಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

ದುಡ್ಡು ಬರುವುದು ಎಲ್ಲಿಂದ?

ಅಮೆರಿಕದ ಸರ್ಕಾರ ತನ್ನ ವಿದ್ಯಾರ್ಥಿಗಳಿಗೆ ಕೊಡುವ ನೆರವು ಮತ್ತು ಸಾಲ ಅಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ, ಜೊತೆಗೆ ಇನ್ನು ಕೆಲವೇ ವರ್ಗದವರಿಗೆ. ಅದಕ್ಕೆ ತುಂಬುವ ಫಾಫ್ಸಾ ಎಂಬ ಅರ್ಜಿ ನಮಗೆ ಸಂಬಂಧಿಸಿದ್ದೇ ಅಲ್ಲ. 1913ರಲ್ಲಿ ಅಂಬೇಡ್ಕರ್ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಮೂರು ವರ್ಷ ತಿಂಗಳಿಗೆ ಹನ್ನೊಂದೂವರೆ ಪೌಂಡ್ ಕೊಟ್ಟಿದ್ದರು. ಹಾಗೆ ಊರ ಕಡೆಯಿಂದ ಬರುವ ನೆರವು ಇಂದು ಡಿಗ್ರಿ ಓದಿಗೆ ಬಲು ಅಪರೂಪ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇರುವುದು ಸ್ನಾತಕೋತ್ತರ ಓದಿಗೆ ಮತ್ತು ಪಿಎಚ್‌ಡಿಗೆ. ಕೊನೆಗೆ ಉಳಿಯುವುದು ಒಂದೇ ದಾರಿ. ಕಾಲೇಜು ತನ್ನ ಜೇಬಿನಿಂದ ಕೊಡಬೇಕು.

ಇಲ್ಲಿ ನಮ್ಮವರು ಎಡವುವ ಒಂದು ಜಾಗ ಇದೆ. ನಮ್ಮಲ್ಲಿ ಸರ್ಕಾರಿ ಕಾಲೇಜು ಎಂದರೆ ಕಡಿಮೆ ಫೀಸು, ಖಾಸಗಿ ಎಂದರೆ ದುಬಾರಿ. ನೆರವು ಬೇಕಾದ ವಿದೇಶಿ ವಿದ್ಯಾರ್ಥಿಗೆ ಅಲ್ಲಿ ಇದು ತಿರುಗುಮುರುಗು. ಅಲ್ಲಿನ ರಾಜ್ಯ ವಿಶ್ವವಿದ್ಯಾಲಯಗಳ ರಿಯಾಯಿತಿ ಆ ರಾಜ್ಯದಲ್ಲಿ ತೆರಿಗೆ ಕಟ್ಟುವವರ ಮಕ್ಕಳಿಗೆ. ಹೊರಗಿನವರಿಂದ ಪೂರ್ತಿ ಫೀಸು ತೆಗೆದುಕೊಳ್ಳುತ್ತಾರೆ. ಬರ್ಕ್ಲಿ, ಲಾಸ್ ಏಂಜಲಿಸ್ ಸೇರಿದಂತೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು ಮನೆಯ ಕಷ್ಟ ನೋಡಿ ವಿದೇಶಿಯರಿಗೆ ನೆರವು ಕೊಡುವುದಿಲ್ಲ. ವರ್ಷದ ಖರ್ಚು ಮಾತ್ರ 80,000 ಡಾಲರ್ ಆಸುಪಾಸು. ಬರ್ಕ್ಲಿ ಬಹಳ ಒಳ್ಳೆಯ ವಿಶ್ವವಿದ್ಯಾಲಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಿಂದ ವರ್ಷಕ್ಕೆ ಐದು ಲಕ್ಷ ಮಾತ್ರ ಹೊಂದಿಸಲು ಆಗುವ ಮಗುವಿಗೆ ಅಲ್ಲಿಗೆ ಅರ್ಜಿ ಹಾಕುವುದು ಸುಮ್ನೆ ಖರ್ಚು.

ಖಾಸಗಿ ಕಾಲೇಜುಗಳ ಕಥೆ ಬೇರೆ. ಹಳೆಯ ವಿದ್ಯಾರ್ಥಿಗಳು, ದಾನಿಗಳು ನೂರಾರು ವರ್ಷಗಳಿಂದ ಕೊಟ್ಟ ದುಡ್ಡು ಅಲ್ಲಿ ದತ್ತಿ ನಿಧಿಯಾಗಿ ಬೆಳೆದಿದೆ. ಆ ನಿಧಿಯ ಆದಾಯದಲ್ಲಿ ಒಂದು ಪಾಲು ವಿದ್ಯಾರ್ಥಿಗಳ ನೆರವಿಗೆ ಹೋಗುತ್ತದೆ. ನಿಧಿ ದೊಡ್ಡದಿದ್ದು, ಹೊರದೇಶದ ಬಡ ಮಕ್ಕಳೂ ಬರಲಿ ಎಂಬ ಮನಸ್ಸೂ ಇದ್ದರೆ ಆ ಕಾಲೇಜು ನಮ್ಮ ಪಟ್ಟಿಗೆ ಸೇರಬೇಕು. ಎರಡೂ ಇರಬೇಕು. ನಿಧಿ ಇದ್ದೂ ವಿದೇಶಿಯರಿಗೆ ಕೈ ಬಿಗಿ ಹಿಡಿಯುವ ಕಾಲೇಜುಗಳು ಬೇಕಾದಷ್ಟಿವೆ.

ಎರಡು ಬಗೆಯ ಬಾಗಿಲು

ನೆರವಿನ ವಿಷಯದಲ್ಲಿ ಎರಡು ಮಾತು ಪದೇ ಪದೇ ಕಿವಿಗೆ ಬೀಳುತ್ತವೆ. ನೀಡ್-ಬ್ಲೈಂಡ್, ನೀಡ್-ಅವೇರ್. ನೀಡ್-ಬ್ಲೈಂಡ್ ಎಂದರೆ ಅಡ್ಮಿಷನ್ ತೀರ್ಮಾನ ಮಾಡುವವರು ನಿಮಗೆ ನೆರವು ಬೇಕೋ ಬೇಡವೋ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೀಡ್-ಅವೇರ್ ಎಂದರೆ ತೆಗೆದುಕೊಳ್ಳುತ್ತಾರೆ. ಅಮೆರಿಕದ ಮಕ್ಕಳಿಗೆ ನೀಡ್-ಬ್ಲೈಂಡ್ ಆಗಿರುವ ಎಷ್ಟೋ ಕಾಲೇಜುಗಳು ವಿದೇಶಿಯರಿಗೆ ಹಾಗಿಲ್ಲ. ಈ ವ್ಯತ್ಯಾಸವನ್ನು ವೆಬ್‌ಸೈಟಿನಲ್ಲಿ ಸಣ್ಣದಾಗಿ ಬರೆದಿರುತ್ತಾರೆ. ಹುಡುಕಿ ಓದಬೇಕು.

ವಿದೇಶಿಯರಿಗೂ ನೀಡ್-ಬ್ಲೈಂಡ್ ಆಗಿದ್ದು, ಸೇರಿಸಿಕೊಂಡವರ ಪೂರ್ತಿ ಅಗತ್ಯ (ಖರ್ಚಿನಲ್ಲಿ ಮನೆಯವರಿಂದ ಕಟ್ಟಲಾಗದ ಪಾಲು) ತುಂಬಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಹಿಂದಿನಿಂದಲೂ ಹಾಗೆ. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡನ್ ಸೇರಿದವು. ಆಮೇಲೆ ಬ್ರೌನ್, ನೋಟರ್ ಡೇಮ್, ವಾಷಿಂಗ್ಟನ್ ಆ್ಯಂಡ್ ಲೀ ಕೂಡ ಬಂದವು. ಪಟ್ಟಿ ಉದ್ದವಾಗುತ್ತಿರುವುದು ನಿಜಕ್ಕೂ ಸಂತೋಷದ ವಿಷಯ.

ಆದರೆ ಇವುಗಳಿಗೆ ಮಾತ್ರ ಅರ್ಜಿ ಹಾಕಿ ಕೂರುವುದು ತಪ್ಪು. ದುಡ್ಡಿನ ತೊಡಕು ಇಲ್ಲದ ಬಾಗಿಲಿನ ಮುಂದೆ ಇಡೀ ಜಗತ್ತೇ ಸಾಲು ನಿಂತಿರುತ್ತದೆ. ಎಂಐಟಿಯಲ್ಲಿ ನೂರು ವಿದೇಶಿ ಅರ್ಜಿದಾರರಲ್ಲಿ ಸೀಟು ಸಿಗುವುದು ಇಬ್ಬರ ಆಸುಪಾಸಿಗೆ. ಪಿಯುಸಿಯಲ್ಲಿ 98 ಪರ್ಸೆಂಟ್ ತೆಗೆದ ಮಗುವಿಗೂ ಅಲ್ಲಿ ಸೀಟು ಗ್ಯಾರಂಟಿ ಇಲ್ಲ. ಅಲ್ಲಿಗೆ ಬರುವ ಎಲ್ಲರೂ ಅಷ್ಟೇ ಚೆನ್ನಾಗಿ ಓದಿದವರು.

ನೀಡ್-ಅವೇರ್ ಕಾಲೇಜುಗಳ ಒಳಗಿನ ಲೆಕ್ಕ ಹೀಗಿರುತ್ತದೆ. ಈ ವರ್ಷ ವಿದೇಶಿ ವಿದ್ಯಾರ್ಥಿಗಳ ನೆರವಿಗೆ ಇಷ್ಟು ದುಡ್ಡು ಎಂದು ಮೊದಲೇ ತೆಗೆದಿಟ್ಟಿರುತ್ತಾರೆ. ತುಂಬಾ ಹಿಡಿಸಿದವರಿಗೆ ಅದರಿಂದ ಕೊಡುತ್ತಾ ಹೋಗುತ್ತಾರೆ. ದುಡ್ಡು ಮುಗಿದ ಮೇಲೆ, ಯೋಗ್ಯತೆ ಇದ್ದರೂ ನೆರವು ಬೇಕಾದವರಿಗೆ 'ಇಲ್ಲ' ಎನ್ನುತ್ತಾರೆ. ಸ್ಟ್ಯಾನ್‌ಫರ್ಡ್, ಕಾರ್ನೆಲ್, ಡ್ಯೂಕ್, ವಿಲಿಯಮ್ಸ್, ಸ್ವಾರ್ತ್‌ಮೋರ್, ಪೊಮೋನಾ ಎಲ್ಲ ಈ ಗುಂಪಿನವು. ಹೀಗೆ ಬರುವ 'ಇಲ್ಲ' ಮಗುವಿನ ಬುದ್ಧಿಯ ಮೇಲೆ ಬಂದ ತೀರ್ಪಲ್ಲ. ಇದನ್ನು ಅರ್ಜಿ ಹಾಕುವ ಮೊದಲೇ ಮಕ್ಕಳಿಗೆ ಕೂರಿಸಿ ಹೇಳಿ. ಮಾರ್ಚ್ ಕೊನೆಯಲ್ಲಿ ಸಾಲಾಗಿ 'ಇಲ್ಲ' ಬಂದಾಗ ಹದಿನೇಳರ ಮಕ್ಕಳು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಇದನ್ನು ಕೇಳಿದ ಕೂಡಲೇ ಕೆಲವರಿಗೆ ಒಂದು ಉಪಾಯ ಹೊಳೆಯುತ್ತದೆ. "ನೆರವು ಬೇಡ ಅಂತ ಹಾಕೋಣ, ಸೀಟು ಸಿಕ್ಕಿದ ಮೇಲೆ ಕೇಳೋಣ." ದಯವಿಟ್ಟು ಬೇಡ. ಸ್ಟ್ಯಾನ್‌ಫರ್ಡ್ ಸೇರಿದಂತೆ ಅನೇಕ ಕಾಲೇಜುಗಳಲ್ಲಿ ನಿಯಮ ಸ್ಪಷ್ಟವಾಗಿದೆ. ಅರ್ಜಿ ಹಾಕುವಾಗ ನೆರವು ಕೇಳದ ವಿದೇಶಿ ವಿದ್ಯಾರ್ಥಿಗೆ ಆಮೇಲಿನ ನಾಲ್ಕು ವರ್ಷವೂ ನೆರವಿಲ್ಲ. ಮೊದಲ ವರ್ಷ ಹೇಗೋ ಸಾಲ ಮಾಡಿ ಕಳಿಸಿ, ಎರಡನೇ ವರ್ಷ ಮಗುವನ್ನು ವಾಪಸ್ ಕರೆಸಿಕೊಳ್ಳುವ ಸ್ಥಿತಿ ಯಾರಿಗೂ ಬೇಡ.

ಇನ್ನು ನಮ್ಮ ಕಡೆ ಯಾರೂ ಹೆಸರೇ ಎತ್ತದ ಕಾಲೇಜುಗಳು. ಅಮೆರಿಕದಲ್ಲಿ ಲಿಬರಲ್ ಆರ್ಟ್ಸ್ ಕಾಲೇಜು ಎಂಬ ಬಗೆಯಿದೆ. ಒಂದೂವರೆ ಸಾವಿರ, ಎರಡು ಸಾವಿರ ವಿದ್ಯಾರ್ಥಿಗಳ ಸಣ್ಣ ಕಾಲೇಜುಗಳು. ಡಿಗ್ರಿ ಓದಿಸುವುದೇ ಅವರ ಮುಖ್ಯ ಕೆಲಸ. 'ಆರ್ಟ್ಸ್' ಎಂಬ ಮಾತು ಕೇಳಿ ಹೆದರಬೇಡಿ. ಗಣಿತ, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಎಲ್ಲವನ್ನೂ ಅಲ್ಲಿ ಓದಬಹುದು. ಅಯೋವಾದ ಗ್ರಿನ್ನೆಲ್, ಮಿನ್ನೆಸೋಟಾದ ಮೆಕಾಲೆಸ್ಟರ್‌ನಂಥ ಕಾಲೇಜುಗಳು ವಿದೇಶಿ ಮಕ್ಕಳನ್ನು ನೆರವು ಕೊಟ್ಟು ಕರೆಸಿಕೊಳ್ಳುವುದರಲ್ಲಿ ಹೆಸರಾಗಿವೆ. ಮುಂದೆ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾದ ಘಾನಾದ ಕೋಫಿ ಅನ್ನಾನ್ 1961ರಲ್ಲಿ ಪದವಿ ಪಡೆದದ್ದು ಇದೇ ಮೆಕಾಲೆಸ್ಟರ್‌ನಲ್ಲಿ. ಹೆಣ್ಣುಮಕ್ಕಳಿಗೆ ಇನ್ನೂ ಒಂದಷ್ಟು ಬಾಗಿಲುಗಳಿವೆ. ವೆಲ್ಸ್‌ಲಿ, ಸ್ಮಿತ್, ಬ್ರಿನ್ ಮಾರ್, ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜುಗಳು, ನೆರವಿಗೂ ಹೆಸರಾದವು. "ಅದ್ಯಾವುದು, ಕೇಳೇ ಇಲ್ಲವಲ್ಲ" ಎಂದು ನೆಂಟರು ಹೇಳಬಹುದು. ಫೀಸು ಕಟ್ಟುವವರು ನೆಂಟರಲ್ಲ ಅಲ್ವಾ.

ಕೆಂಟಕಿಯ ಬೆರಿಯಾ ಕಾಲೇಜಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1855ರಲ್ಲಿ ಶುರುವಾದ ಇಲ್ಲಿ ಯಾರಿಗೂ ಟ್ಯೂಷನ್ ಫೀಸು ಇಲ್ಲ. ಎಲ್ಲ ವಿದ್ಯಾರ್ಥಿಗಳೂ ಕ್ಯಾಂಪಸ್‌ನಲ್ಲಿ ಕೆಲಸ ಮಾಡಬೇಕು. ಸೇರಿಸಿಕೊಂಡ ವಿದೇಶಿ ವಿದ್ಯಾರ್ಥಿಗಳ ಮೊದಲ ವರ್ಷದ ಊಟ, ವಸತಿಯನ್ನೂ ಕಾಲೇಜೇ ನೋಡಿಕೊಳ್ಳುತ್ತದೆ. ಸೀಟು ಬಹಳ ಕಡಿಮೆ. ಆದರೆ ನಿಜವಾಗಿಯೂ ಬಡತನ ಇರುವ ಮನೆಯ ಮಗು ಇದನ್ನು ಬಿಡಬಾರದು.

ಕಾಲೇಜಿನ ಲೆಕ್ಕ ನೀವೇ ಓದಿ

'ನಾವು ಉದಾರವಾಗಿ ನೆರವು ಕೊಡುತ್ತೇವೆ' ಎಂದು ಎಲ್ಲ ಕಾಲೇಜುಗಳೂ ಬರೆದುಕೊಳ್ಳುತ್ತವೆ. ಅದು ನಿಜವೋ ಎಂದು ನೋಡಲು ಒಂದು ಒಳ್ಳೆಯ ದಾರಿ ಇದೆ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಹೊರತರುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಹಾಕಿ ಹುಡುಕಿದರೆ ಸಿಗುತ್ತದೆ, ಪೂರ್ತಿ ಉಚಿತ. ಅದರಲ್ಲಿ ಎಚ್6 ಎಂಬ ಅಂಕಣ ತೆಗೆಯಿರಿ. ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ ಕಾಲೇಜು ನೆರವು ಕೊಟ್ಟಿದೆ, ಸರಾಸರಿ ಎಷ್ಟು ಡಾಲರ್ ಎಂದು ಅಲ್ಲಿರುತ್ತದೆ. ಒಟ್ಟು ವಿದೇಶಿ ವಿದ್ಯಾರ್ಥಿಗಳು ಎಷ್ಟು ಎಂಬುದು ಅದೇ ದಾಖಲೆಯ ಬಿ2 ಅಂಕಣದಲ್ಲಿದೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಂದು ಸಣ್ಣ ಕಾಲೇಜಿನಲ್ಲಿ 300 ವಿದೇಶಿಯರಿದ್ದಾರೆ, 210 ಜನಕ್ಕೆ ನೆರವಿದೆ, ಸರಾಸರಿ 68,000 ಡಾಲರ್. ಇನ್ನೊಂದು ಹೆಸರುವಾಸಿ ವಿಶ್ವವಿದ್ಯಾಲಯದಲ್ಲಿ 3,000 ವಿದೇಶಿಯರಿದ್ದಾರೆ, 150 ಜನಕ್ಕೆ ನೆರವಿದೆ, ಸರಾಸರಿ 15,000 ಡಾಲರ್. ಮೊದಲನೆಯದು ವಿದೇಶಿ ಮಕ್ಕಳ ಮೇಲೆ ದುಡ್ಡು ಹಾಕುತ್ತಿದೆ. ಎರಡನೆಯದು ಅವರಿಂದ ದುಡ್ಡು ಪಡೆಯುತ್ತಿದೆ. ಹತ್ತು ನಿಮಿಷದ ಈ ಕೆಲಸ ಎಷ್ಟೋ ತಿಂಗಳ ಗೊಂದಲ ತಪ್ಪಿಸುತ್ತದೆ. ಅಡ್ಮಿಷನ್ ಶೇಕಡಾವಾರು ನೋಡುವುದಕ್ಕಿಂತ ಮೊದಲು ಇದನ್ನು ನೋಡಿ.

ಮೆರಿಟ್ ಸ್ಕಾಲರ್‌ಶಿಪ್‌ಗೆ ಬರೋಣ. ಮನೆಯ ಆದಾಯ ನೋಡದೆ ಓದು, ಪ್ರತಿಭೆ ನೋಡಿ ಕೊಡುವುದು ಇದು. ಹಾರ್ವರ್ಡ್, ಎಂಐಟಿಯಂಥ ಕಡೆ ಮೆರಿಟ್ ಸ್ಕಾಲರ್‌ಶಿಪ್ಪೇ ಇಲ್ಲ, ಎಲ್ಲ ಅಗತ್ಯ ನೋಡಿ ಕೊಡುವುದು. ಪೂರ್ತಿ ಖರ್ಚು ಕೊಡುವ ಮೆರಿಟ್ ಸ್ಕಾಲರ್‌ಶಿಪ್‌ಗಳೂ ಇವೆ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮೋರ್‌ಹೆಡ್-ಕೇನ್ ಅಂಥದ್ದು, ವಿದೇಶಿಯರಿಗೂ ತೆರೆದಿದೆ. ಕಾರ್ನೆಲ್‌ನಲ್ಲಿ ಭಾರತದ ವಿದ್ಯಾರ್ಥಿಗಳಿಗೆಂದೇ ಟಾಟಾ ಸ್ಕಾಲರ್‌ಶಿಪ್ ಇದೆ. ಟಾಟಾ ಟ್ರಸ್ಟ್ 2008ರಲ್ಲಿ ಕೊಟ್ಟ 2.5 ಕೋಟಿ ಡಾಲರ್ ನಿಧಿಯಿಂದ ನಡೆಯುವ ಇದಕ್ಕೆ ಮನೆಯ ಅಗತ್ಯವನ್ನೂ ನೋಡುತ್ತಾರೆ. ಇಂಥವು ಕೆಲವೇ ಕೆಲವು.

ಹೆಚ್ಚಾಗಿ ಸಿಗುವುದು ಬೇರೆ ಥರದ್ದು. "ಅಭಿನಂದನೆಗಳು, ನಿಮಗೆ ವರ್ಷಕ್ಕೆ 25,000 ಡಾಲರ್ ಸ್ಕಾಲರ್‌ಶಿಪ್." ಇಪ್ಪತ್ತೆರಡು ಲಕ್ಷ ರೂಪಾಯಿ! ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಆ ಕಾಲೇಜಿನ ವರ್ಷದ ಖರ್ಚು 70,000 ಡಾಲರ್ ಇದ್ದರೆ ಉಳಿದ 45,000 ಡಾಲರ್, ಅಂದರೆ ಸುಮಾರು ನಲವತ್ತು ಲಕ್ಷ, ನೀವೇ ಹೊಂದಿಸಬೇಕು. ಇದು ಒಂದು ರೀತಿಯ ರಿಯಾಯಿತಿ ಮಾರಾಟ. ಅಮೆರಿಕದಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳ ಸಂಖ್ಯೆ 2025ರ ಹೊತ್ತಿಗೆ ತುದಿ ಮುಟ್ಟಿ ಇಳಿಯುತ್ತದೆ ಎಂದು ಅಲ್ಲಿನ ಅಂದಾಜುಗಳು ಹೇಳುತ್ತಾ ಬಂದಿವೆ. ಸೀಟು ತುಂಬದ ಕಾಲೇಜುಗಳು ಫೀಸಿನ ಒಂದು ಪಾಲನ್ನಾದರೂ ಕಟ್ಟಬಲ್ಲ ವಿದೇಶಿ ವಿದ್ಯಾರ್ಥಿಗಳನ್ನು ಹುಡುಕುತ್ತಿವೆ. ಅದು ಅವರ ಅಗತ್ಯ. ಸ್ಕಾಲರ್‌ಶಿಪ್ ಎಷ್ಟು ದೊಡ್ಡದು ಎಂದು ನೋಡಬೇಡಿ, ಕೊನೆಗೆ ಮನೆಯಿಂದ ಎಷ್ಟು ಹೋಗುತ್ತದೆ ಎಂದು ನೋಡಿ. ಮೆರಿಟ್ ದುಡ್ಡು ನಾಲ್ಕು ವರ್ಷವೂ ಅಷ್ಟೇ ಇದ್ದು ಫೀಸು ವರ್ಷ ವರ್ಷ ಏರಿದರೆ ಅಂತರ ಇನ್ನೂ ಜಾಸ್ತಿಯಾಗುತ್ತದೆ.

ಏಜೆಂಟರ ವಿಷಯ ಬರುವುದೂ ಇಲ್ಲೇ. ನಮ್ಮ ಊರುಗಳಲ್ಲಿ ವಿದೇಶಿ ಓದಿನ ಸಲಹಾ ಕೇಂದ್ರಗಳು ತುಂಬಾ ಇವೆ. ಅನೇಕ ಕಡೆ ಸಲಹೆ ಉಚಿತ ಎನ್ನುತ್ತಾರೆ. ಅಂಥ ಕಡೆ ದುಡ್ಡು ಬರುವುದು ಸಾಮಾನ್ಯವಾಗಿ ಕಾಲೇಜಿನಿಂದ. ಒಬ್ಬ ವಿದ್ಯಾರ್ಥಿ ಸೇರಿದರೆ ಫೀಸಿನಲ್ಲಿ ಇಷ್ಟು ಎಂದು ಕಮಿಷನ್. ಪೂರ್ತಿ ನೆರವು ಕೊಟ್ಟು ಕರೆಸಿಕೊಳ್ಳುವ ಕಾಲೇಜಿಗೆ ಅರ್ಜಿಗಳ ಕೊರತೆಯೇ ಇಲ್ಲ, ಅದು ಕಮಿಷನ್ ಯಾಕೆ ಕೊಡುತ್ತದೆ? ಹಾಗಾಗಿ ಅಂಥ ಕಾಲೇಜಿನ ಹೆಸರು ಆ ಮೇಜಿನ ಮೇಲೆ ಬರುವುದೇ ಕಷ್ಟ. ಎಲ್ಲ ಸಲಹೆಗಾರರೂ ಹೀಗೆ ಎನ್ನುತ್ತಿಲ್ಲ. "ಈ ಕಾಲೇಜಿನಿಂದ ನಿಮಗೆ ಕಮಿಷನ್ ಬರುತ್ತಾ?" ಎಂದು ನೇರವಾಗಿ ಕೇಳಿ. ಅಮೆರಿಕ ಸರ್ಕಾರದ ಬೆಂಬಲದ ಎಜುಕೇಶನ್‌ಯುಎಸ್‌ಎ ಕೇಂದ್ರಗಳು ಯಾವ ಕಾಲೇಜಿನಿಂದಲೂ ಕಮಿಷನ್ ಪಡೆಯುವುದಿಲ್ಲ. ಅಲ್ಲಿಂದ ಶುರು ಮಾಡುವುದು ಒಳ್ಳೆಯದು.

ಪಹಣಿ, ಆದಾಯ ಪತ್ರ, ಎರಡು ಶಾಲೆಯ ಮಾರ್ಕ್ಸ್ ಕಾರ್ಡ್

ಕಾಗದಪತ್ರದ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಮ್ಮ ಮಕ್ಕಳಿಗೆ ಜಾಸ್ತಿ ತೊಂದರೆಯಾಗುವುದು ಇಲ್ಲಿ. ಇದನ್ನು ಅಮೆರಿಕದವರು ಯಾರೂ ಬಿಡಿಸಿ ಹೇಳುವುದಿಲ್ಲ, ಯಾಕೆಂದರೆ ಅವರಿಗೆ ನಮ್ಮ ಮನೆಗಳ ವ್ಯವಸ್ಥೆ ಗೊತ್ತಿಲ್ಲ.

ನೆರವಿಗೆ ಅನೇಕ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ ಕೇಳುತ್ತವೆ. ಎಸ್‌ಎಟಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರದ್ದೇ ಇದು. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಒಂದೊಂದಕ್ಕೂ 16 ಡಾಲರ್ ಫೀಸು. ಹತ್ತು ಕಾಲೇಜಿಗೆ ಕಳಿಸುವಷ್ಟರಲ್ಲಿ ಹದಿನೈದು ಸಾವಿರ ರೂಪಾಯಿ ಆಯಿತು. ಅದು ಕಷ್ಟವಾದರೆ ಕಾಲೇಜಿನ ನೆರವಿನ ವಿಭಾಗಕ್ಕೆ ಇಮೇಲ್ ಬರೆದು ವಿನಾಯಿತಿ ಕೇಳಿ, ಇಲ್ಲವೇ ಉಚಿತ ಅರ್ಜಿ ನಡೆಯುತ್ತದೆಯೇ ಎಂದು ಕೇಳಿ. ಕೆಲವರು ಒಪ್ಪುತ್ತಾರೆ. ಕೇಳಲು ಸಂಕೋಚ ಬೇಡ.

ಈ ಅರ್ಜಿ ಸಂಬಳ ಒಂದನ್ನೇ ಕೇಳುವುದಿಲ್ಲ. ಬ್ಯಾಂಕಿನಲ್ಲಿರುವುದು, ಮನೆ, ಜಮೀನು, ಸಾಲ, ಓದುತ್ತಿರುವ ತಮ್ಮ ತಂಗಿಯರು ಎಲ್ಲ ಬೇಕು. ಸಂಬಳದ ಮನೆಗೆ ಫಾರ್ಮ್ 16, ಐಟಿ ರಿಟರ್ನ್ ಇರುತ್ತದೆ, ಕೆಲಸ ಸುಲಭ. ರೈತರ ಮನೆಗೆ ಹಾಗಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನ್ ಹಾಕಿಯೇ ಇರುವುದಿಲ್ಲ. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತದೆ, ಇಲ್ಲವೇ ದೊಡ್ಡಪ್ಪ, ಚಿಕ್ಕಪ್ಪ ಎಲ್ಲ ಜಂಟಿಯಾಗಿರುತ್ತಾರೆ. ನಾಲ್ಕು ಎಕರೆ ಜಂಟಿ ಜಮೀನನ್ನು ಪೂರ್ತಿ ಅಪ್ಪನದ್ದೆಂದು ಬರೆದರೆ ಕಾಲೇಜಿನ ಕಣ್ಣಿಗೆ ನೀವು ಸ್ಥಿತಿವಂತರು. ಬಿಟ್ಟೇಬಿಟ್ಟರೆ ಮುಚ್ಚಿಟ್ಟಂತೆ. ಅಪ್ಪನ ಪಾಲಿಗೆ ಬರುವಷ್ಟನ್ನೇ ಬರೆದು, ವಿಶೇಷ ಪರಿಸ್ಥಿತಿ ವಿವರಿಸುವ ಜಾಗದಲ್ಲಿ ನಾಲ್ಕು ಸಾಲು ಬರೆಯಿರಿ. ಜಮೀನು ಜಂಟಿ, ಒಬ್ಬರೇ ಮಾರಲು ಬರುವುದಿಲ್ಲ, ಮನೆ ನಡೆಯುವುದು ಇದರ ಬೆಳೆಯಿಂದಲೇ, ಹೋದ ವರ್ಷ ಮಳೆ ಕೈಕೊಟ್ಟಿತು ಎಂದು. ಓದುವವರು ದೂರದ ಆಫೀಸಿನಲ್ಲಿ ಕುಳಿತ ಮನುಷ್ಯರೇ. ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ.

ನಾಡಕಚೇರಿಯ ಆದಾಯ ಪ್ರಮಾಣಪತ್ರದ್ದು ಇನ್ನೊಂದು ತೊಡಕು. ಇಲ್ಲಿನ ಸ್ಕಾಲರ್‌ಶಿಪ್‌ಗಾಗಿ ಮಾಡಿಸಿದ ಪತ್ರದಲ್ಲಿ ವರ್ಷಕ್ಕೆ ನಲವತ್ತು ಸಾವಿರ ಎಂದಿದ್ದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಆರು ಲಕ್ಷದ ವಹಿವಾಟು ಕಂಡರೆ ಇಡೀ ಅರ್ಜಿಯ ಮೇಲೇ ಅನುಮಾನ ಬರುತ್ತದೆ. ಅಮೆರಿಕದ ಕಾಲೇಜಿಗೆ ನೀವು ಕಡುಬಡವರು ಎಂದು ತೋರಿಸುವ ಅಗತ್ಯವೇ ಇಲ್ಲ. ವರ್ಷಕ್ಕೆ ಆರು ಲಕ್ಷ ಎಂದರೆ ಏಳು ಸಾವಿರ ಡಾಲರ್‌ಗೂ ಕಡಿಮೆ. ಅವರ ಲೆಕ್ಕದಲ್ಲಿ ಅದು ಹೇಗೂ ಬಹಳ ಕಡಿಮೆ ಆದಾಯ. ಹಾರ್ವರ್ಡ್ 2025-26ರಿಂದ ವರ್ಷಕ್ಕೆ 1,00,000 ಡಾಲರ್‌ವರೆಗೆ ಆದಾಯದ, ಸಾಮಾನ್ಯ ಆಸ್ತಿಯ ಮನೆಯಿಂದ ಏನೂ ಕೇಳುವುದಿಲ್ಲ ಎಂದಿದೆ. ನಿಜ ಹೇಳಿದರೆ ನಷ್ಟವಿಲ್ಲ. ಸುಳ್ಳು ಸಿಕ್ಕಿಬಿದ್ದರೆ ಸೀಟೇ ಹೋಗುತ್ತದೆ.

ಮಾರ್ಕ್ಸ್ ಕಾರ್ಡಿನದ್ದೂ ಹೀಗೆಯೇ. ಅಮೆರಿಕದ ಕಾಲೇಜುಗಳು ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷದ ಅಂಕ ಕೇಳುತ್ತವೆ. ಅಲ್ಲಿ ಅದೆಲ್ಲ ಒಂದೇ ಶಾಲೆ. ಕರ್ನಾಟಕದಲ್ಲಿ ಹತ್ತರವರೆಗೆ ಒಂದು ಹೈಸ್ಕೂಲು, ಆಮೇಲೆ ಬೇರೆ ಪಿಯು ಕಾಲೇಜು. ಒಂಬತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಎಲ್ಲಿದೆಯೋ ಯಾರಿಗೂ ನೆನಪಿರುವುದಿಲ್ಲ. ಪ್ರಥಮ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲೇ ಹಳೆಯ ಶಾಲೆಗೆ ಹೋಗಿ ಇಂಗ್ಲಿಷಿನಲ್ಲಿ, ಸಹಿ ಸೀಲು ಹಾಕಿಸಿ ತಂದಿಟ್ಟುಕೊಳ್ಳಿ. ಶಾಲೆಯ ಪರವಾಗಿ ಒಂದು ಪತ್ರವನ್ನು ಕೌನ್ಸೆಲರ್ ಬರೆಯಬೇಕು ಎನ್ನುತ್ತಾರೆ. ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಇಲ್ಲದಿದ್ದರೆ ಪ್ರಿನ್ಸಿಪಾಲರೇ ಬರೆಯಬಹುದು. ಮೇಷ್ಟ್ರುಗಳಿಗೆ ಇಂಥ ಪತ್ರ ಹೊಸತು. "ಶಿಸ್ತಿನ ವಿದ್ಯಾರ್ಥಿ, ನಡತೆ ಉತ್ತಮ" ಎಂದು ಎರಡು ಸಾಲು ಬರೆದು ಕೊಟ್ಟುಬಿಡುತ್ತಾರೆ. ಅವರ ಮುಂದೆ ಕುಳಿತು, ಕ್ಲಾಸಿನಲ್ಲಿ ನೀವು ಕೇಳಿದ ಪ್ರಶ್ನೆ, ಮಾಡಿದ ಪ್ರಾಜೆಕ್ಟ್, ಸಹಪಾಠಿಗಳಿಗೆ ಹೇಳಿಕೊಟ್ಟ ಪಾಠ ನೆನಪಿಸಿ. ಅದನ್ನೆಲ್ಲ ಬರೆಯಲು ವಿನಯದಿಂದ ಕೇಳಿ.

ಅರ್ಜಿಯ ಕೊನೆಯ ದಿನಗಳು ನವೆಂಬರ್ ಒಂದರಿಂದ ಜನವರಿ ಮೊದಲ ವಾರದವರೆಗೆ ಬರುತ್ತವೆ. ಅದೇ ಹೊತ್ತಿಗೆ ಇಲ್ಲಿ ಸಿಇಟಿ, ಜೆಇಇ, ನೀಟ್ ತಯಾರಿ ಜೋರಾಗಿರುತ್ತದೆ. ಎರಡು ಪರೀಕ್ಷಾ ಲೋಕಗಳನ್ನು ಒಟ್ಟಿಗೆ ನಿಭಾಯಿಸುವುದು ಸುಲಭವಲ್ಲ. ಜೊತೆಗೆ ಅರ್ಲಿ ಡಿಸಿಷನ್ ಎಂಬುದಿದೆ. ಸೀಟು ಕೊಟ್ಟರೆ ಬಂದೇ ಬರುತ್ತೇನೆ ಎಂದು ಒಂದೇ ಕಾಲೇಜಿಗೆ ಮಾತು ಕೊಟ್ಟು ನವೆಂಬರಿನಲ್ಲೇ ಅರ್ಜಿ ಹಾಕುವುದು. ಪೂರ್ತಿ ಅಗತ್ಯ ತುಂಬಿಸುವ ಸಣ್ಣ ಕಾಲೇಜಿಗೆ ಹೀಗೆ ಹಾಕುವುದು ನೆರವು ಬೇಕಾದವರಿಗೂ ಒಳ್ಳೆಯ ಆಯ್ಕೆ. ಕೊಟ್ಟ ನೆರವು ಸಾಲದೇ ಹೋದರೆ ಆ ಮಾತಿನಿಂದ ಬಿಡಿಸಿಕೊಳ್ಳಲು ಅವಕಾಶವಿದೆ. ಅಗತ್ಯ ತುಂಬಿಸುವ ಭರವಸೆ ಇಲ್ಲದ ಕಾಲೇಜಿಗೆ ಮಾತ್ರ ಹಾಗೆ ಮಾತು ಕೊಡಬೇಡಿ.

ಹತ್ತನೇ ತರಗತಿಯ ಮಕ್ಕಳಿರುವ ಮನೆಗೆ ಇನ್ನೊಂದು ದಾರಿ ಇದೆ. ಪುಣೆ ಹತ್ತಿರ ಯುಡಬ್ಲ್ಯುಸಿ ಮಹೀಂದ್ರಾ ಕಾಲೇಜಿದೆ. ಅಲ್ಲಿ ಶಾಲೆಯ ಕೊನೆಯ ಎರಡು ವರ್ಷ, ಅಂದರೆ ಹನ್ನೊಂದು ಮತ್ತು ಹನ್ನೆರಡನೇ ತರಗತಿ ಓದಲು ಅಗತ್ಯ ನೋಡಿ ಸ್ಕಾಲರ್‌ಶಿಪ್ ಕೊಡುತ್ತಾರೆ. ಅಲ್ಲಿ ಓದಿದವರು ಡೇವಿಸ್ ಯುಡಬ್ಲ್ಯುಸಿ ಎಂಬ ನೆರವಿನ ಕಾರ್ಯಕ್ರಮದ ಜೊತೆಗಿರುವ ಅಮೆರಿಕದ ಕಾಲೇಜಿಗೆ ಸೇರಿದರೆ, ಅವರ ನೆರವಿಗೆ ಆ ಕಾಲೇಜಿಗೇ ದುಡ್ಡು ಬರುತ್ತದೆ. ಕಾಲೇಜುಗಳ ಬಜೆಟ್ ಮೇಲಿನ ಭಾರ ಇಳಿಯುವುದರಿಂದ ಇವರಿಗೆ ಬಾಗಿಲು ಸ್ವಲ್ಪ ಅಗಲವಾಗುತ್ತದೆ.

ಬದಲಾಗುತ್ತಿರುವ ಗಾಳಿ

2025ರಿಂದ ಅಮೆರಿಕದ ಗಾಳಿ ಬದಲಾಗಿದೆ. ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಹಾರ್ವರ್ಡ್‌ಗೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿಯನ್ನೇ ರದ್ದು ಮಾಡಿತು. ನ್ಯಾಯಾಲಯ ಅದನ್ನು ತಡೆಯಿತು. ಅದೇ ತಿಂಗಳ ಕೊನೆಗೆ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ಬುಕಿಂಗ್ ಕೆಲವು ವಾರ ನಿಂತಿತು. ಜೂನ್‌ನಲ್ಲಿ ಮತ್ತೆ ಶುರುವಾದಾಗ, ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂಬ ಹೊಸ ನಿಯಮ ಬಂತು. ಸೆಪ್ಟೆಂಬರಿನಲ್ಲಿ ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ಘೋಷಣೆಯಾಯಿತು. ಡಿಗ್ರಿ ಮುಗಿಸಿ ಅಲ್ಲೇ ಕೆಲಸ ಮಾಡಿ ಸಾಲ ತೀರಿಸುವ ಲೆಕ್ಕ ಇಟ್ಟುಕೊಂಡವರ ದಾರಿ ಇದರಿಂದ ಇನ್ನಷ್ಟು ಅನಿಶ್ಚಿತವಾಯಿತು. ಸಾಲ ಕಡಿಮೆ ಮಾಡಿ, ನೆರವು ಜಾಸ್ತಿ ಕೊಡುವ ಕಾಲೇಜೇ ಆರಿಸಿ ಎನ್ನಲು ಇದು ಇನ್ನೊಂದು ಕಾರಣ.

ಕಾಲೇಜುಗಳ ಜೇಬಿಗೂ ಬಿಸಿ ತಟ್ಟಿದೆ. ಅದೇ ವರ್ಷದ ಜುಲೈನಲ್ಲಿ ಬಂದ ಕಾನೂನು ಶ್ರೀಮಂತ ಕಾಲೇಜುಗಳ ದತ್ತಿ ನಿಧಿಯ ಆದಾಯದ ಮೇಲಿನ ತೆರಿಗೆಯನ್ನು 1.4 ಪರ್ಸೆಂಟಿನಿಂದ 8 ಪರ್ಸೆಂಟಿನವರೆಗೆ ಏರಿಸಿತು. ತಲಾ ವಿದ್ಯಾರ್ಥಿಗೆ ನಿಧಿ ಎಷ್ಟಿದೆ ಎಂಬುದರ ಮೇಲೆ ದರ. ಆದರೆ ಅದರಲ್ಲಿ ಒಂದು ಸಣ್ಣ ಅಂಶ ನೆರವು ಬೇಕಾದವರಿಗೆ ಮುಖ್ಯ. ಫೀಸು ಕಟ್ಟುವ ವಿದ್ಯಾರ್ಥಿಗಳು 3,000ಕ್ಕಿಂತ ಕಡಿಮೆ ಇರುವ ಕಾಲೇಜುಗಳಿಗೆ ಈ ತೆರಿಗೆ ಇಲ್ಲ. ಅಂದರೆ ಭಾರ ಬೀಳುವುದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಮೇಲೆ. ಆಮ್‌ಹರ್ಸ್ಟ್, ವಿಲಿಯಮ್ಸ್, ಗ್ರಿನ್ನೆಲ್‌ನಂಥ ಸಣ್ಣ ಕಾಲೇಜುಗಳು ಪಾರಾಗಿವೆ. ಸಣ್ಣ ಕಾಲೇಜುಗಳನ್ನು ಪಟ್ಟಿಯ ಮೇಲಕ್ಕೆ ತನ್ನಿ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಈ ಹೊತ್ತಿನಲ್ಲಿ ನನಗೆ ಕಾಣುತ್ತಿಲ್ಲ.

ಪತ್ರ ಕೈಗೆ ಬಂದ ಮೇಲೆ

ಸೀಟಿನ ಜೊತೆ ನೆರವಿನ ಪತ್ರ ಬರುವುದು ಹೆಚ್ಚಾಗಿ ಮಾರ್ಚ್ ಕೊನೆಯಲ್ಲಿ. ಮೇ ಒಂದರೊಳಗೆ ಉತ್ತರ ಕೊಡಬೇಕು. ಪತ್ರವನ್ನು ಸಾಲು ಸಾಲಾಗಿ ಓದಿ. ಗ್ರಾಂಟ್ ಎಂದರೆ ತೀರಿಸಬೇಕಿಲ್ಲದ ದುಡ್ಡು. ಲೋನ್ ಎಂದರೆ ಸಾಲವೇ, ಅದನ್ನು ನೆರವಿನ ಮೊತ್ತದಲ್ಲಿ ಸೇರಿಸಿ ತೋರಿಸಿರಬಹುದು. ಕ್ಯಾಂಪಸ್ ಕೆಲಸದ ದುಡ್ಡು ಮುಂಗಡ ಸಿಗುವುದಿಲ್ಲ, ಕೆಲಸ ಮಾಡಿದಂತೆ ಬರುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕ್ಯಾಂಪಸ್‌ನಲ್ಲಿ ದುಡಿಯಬಹುದು. ವಿಮಾನದ ಟಿಕೆಟ್, ಹೆಲ್ತ್ ಇನ್ಶೂರೆನ್ಸ್, ರಜೆಯಲ್ಲಿ ಹಾಸ್ಟೆಲ್ ಮುಚ್ಚಿದಾಗಿನ ಖರ್ಚು ಸೇರಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಖರ್ಚು ತೆರಿಗೆ. ಸ್ಕಾಲರ್‌ಶಿಪ್‌ನಲ್ಲಿ ಟ್ಯೂಷನ್‌ಗೆ ಹೋಗುವ ಭಾಗಕ್ಕೆ ತೆರಿಗೆ ಇಲ್ಲ. ಊಟ, ವಸತಿಗೆ ಹೋಗುವ ಭಾಗ ಅಮೆರಿಕದಲ್ಲಿ ಆದಾಯ ಎಂದು ಲೆಕ್ಕ. ಅದರಲ್ಲಿ 14 ಪರ್ಸೆಂಟ್ ಹಿಡಿದುಕೊಳ್ಳುತ್ತಾರೆ. ಆದರೆ ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ ಪ್ರಕಾರ ನಮ್ಮ ವಿದ್ಯಾರ್ಥಿಗಳು ರಿಟರ್ನ್ ಹಾಕುವಾಗ ಅಲ್ಲಿನ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಹೆಚ್ಚಿನ ದೇಶಗಳ ಮಕ್ಕಳಿಗೆ ಈ ಅನುಕೂಲ ಇಲ್ಲ. ಹಿಡಿದ ದುಡ್ಡಿನಲ್ಲಿ ದೊಡ್ಡ ಪಾಲು ವಾಪಸ್ ಬರಬಹುದು. ಮೊದಲ ವರ್ಷವೇ ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯಲ್ಲಿ ಇದನ್ನು ಕೇಳಿ.

ನೆರವು ಸ್ವಲ್ಪ ಕಡಿಮೆ ಬಿದ್ದಿದ್ದರೆ ಮರುಪರಿಶೀಲನೆಗೆ ಬರೆಯಿರಿ. ಅಪ್ಪನ ಕೆಲಸ ಹೋಯಿತು, ಆಸ್ಪತ್ರೆ ಖರ್ಚು ಬಂತು ಎಂಬಂಥ ಹೊಸ ಕಾರಣವಿದ್ದು ದಾಖಲೆ ಇದ್ದರೆ ಅನೇಕ ಕಾಲೇಜುಗಳು ಮತ್ತೆ ನೋಡುತ್ತವೆ. ಎರಡು ಮೂರು ಸಾವಿರ ಡಾಲರ್ ಅಂತರ ತುಂಬಬಹುದು. ಮೂವತ್ತು ಸಾವಿರದ್ದು ಹೀಗೆ ತುಂಬುವುದಿಲ್ಲ. ಅಂಥ ಪತ್ರಕ್ಕೆ ಬೇಸರವಾದರೂ 'ಬೇಡ' ಎಂದುಬಿಡಿ.

ಆಮೇಲೆ ವೀಸಾ. ಮೊದಲ ವರ್ಷದ ಖರ್ಚಿಗೆ ದುಡ್ಡು ಎಲ್ಲಿಂದ ಎಂದು ತೋರಿಸಿದ ಮೇಲೆಯೇ ಕಾಲೇಜು ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುವುದು. ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಲ್ಲಿನ ಸರ್ಕಾರಿ ವ್ಯವಸ್ಥೆಯಾದ ಸೆವಿಸ್‌ಗೆ ಕಟ್ಟುವ ಶುಲ್ಕ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಸೇವೆ ಆಗಲೇ ಶುರುವಾಗಲಿಲ್ಲ. ನಮ್ಮವರು ಹಿಂದಿನಿಂದಲೂ ಚೆನ್ನೈ, ಹೈದರಾಬಾದಿಗೆ ಹೋಗುತ್ತಾ ಬಂದಿದ್ದಾರೆ. ಸಂದರ್ಶನದಲ್ಲಿ ಖರ್ಚು ಯಾರು ಕೊಡುತ್ತಾರೆ ಎಂದು ಕೇಳಿದರೆ, ಕಾಲೇಜಿನ ನೆರವಿನ ಪತ್ರಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅಷ್ಟಿದ್ದರೂ ವೀಸಾ ಸಿಗದೇ ಹೋಗಬಹುದು.

ಅದಕ್ಕೇ ಸಿಇಟಿ ಬರೆಯುವುದನ್ನು ಬಿಡಬೇಡಿ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆಯೂ ಅರ್ಜಿ ಹಾಕಿ. ಮನೆಯ ಆದಾಯ ನೋಡಿ ಫೀಸು ಬಿಡುವ ವ್ಯವಸ್ಥೆ ಅಲ್ಲಿದೆ. ಈಗ ಆಗದಿದ್ದರೆ ಅಮೆರಿಕದ ಬಾಗಿಲು ಅಲ್ಲಿಗೇ ಮುಚ್ಚುವುದಿಲ್ಲ. ಇಲ್ಲೇ ಬಿಎಸ್ಸಿ, ಬಿಇ ಓದಿ, ಚೆನ್ನಾಗಿ ಪ್ರಾಜೆಕ್ಟ್ ಮಾಡಿ, ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಅಲ್ಲಿನ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ, ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಂತೂ, ಪಿಎಚ್‌ಡಿ ವಿದ್ಯಾರ್ಥಿಗೆ ಸಾಮಾನ್ಯವಾಗಿ ಟ್ಯೂಷನ್ ಫೀಸು ಇರುವುದಿಲ್ಲ. ಪಾಠ ಮಾಡುವುದಕ್ಕೆ, ಸಂಶೋಧನೆಗೆ ತಿಂಗಳು ತಿಂಗಳು ಸ್ಟೈಪೆಂಡ್ ಬೇರೆ ಬರುತ್ತದೆ. ಹದಿನೆಂಟಕ್ಕೆ ಮನೆಯವರು ಮೂರು ಕೋಟಿ ಹೊಂದಿಸಬೇಕಾಗಿದ್ದ ಓದಿಗೆ, ಇಪ್ಪತ್ತೆರಡಕ್ಕೆ ವಿಶ್ವವಿದ್ಯಾಲಯವೇ ದುಡ್ಡು ಕೊಡುತ್ತದೆ.